ಅಲರ್ಜಿಗೆ ಸಸ್ಯಮೂಲದ ಪುಡಿ: ಗುಣವನ್ನು ಅರಿಯುವ ಬಗೆ

(ಗಿಣಿಗೇರಾದಲ್ಲಿ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಗಳು ಮಾಡಿದ ಉಪನ್ಯಾಸ)



ಕಣದಲ್ಲಿ ಜೋಳ ತೂರುವಾಗ ಏಳುವ ಧೂಳು, ಬದುವಿನಲ್ಲಿ ಹಬ್ಬಿದ ಕಾಂಗ್ರೆಸ್ ಹುಲ್ಲಿನ ಪರಾಗ, ಸುತ್ತಲಿನ ಕಾರ್ಖಾನೆಗಳ ಹೊಗೆ, ಇವುಗಳ ನಡುವೆ ಬಾಳುವ ನಮಗೆ ಸೀನು, ಮೂಗಿನ ಸೋರಿಕೆ, ಕಣ್ಣಿನ ತುರಿಕೆ ಹೊಸವಲ್ಲ. ಇತರರಿಗೆ ಏನೂ ಮಾಡದ ವಸ್ತುವನ್ನು ಒಬ್ಬರ ಶರೀರವು ಶತ್ರುವೆಂದು ಬಗೆದು ಕೆರಳುವುದೇ ಅಲರ್ಜಿ. ಇದಕ್ಕೆಂದು "ಗಿಡಮೂಲಿಕೆಯದು, ಆಹಾರವಿದ್ದಂತೆ, ಅಪಾಯವಿಲ್ಲ" ಎಂದು ಹೇಳಿ ಮಾರುವ ಪುಡಿಗಳೂ ಗುಳಿಗೆಗಳೂ ಉಂಟು. ಅವುಗಳನ್ನು ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿರಿ: ಇದನ್ನು ಯಾರ ಮೇಲೆ, ಹೇಗೆ ಪರೀಕ್ಷಿಸಲಾಗಿದೆ?

ಹೊಲಕ್ಕೆಲ್ಲ ಹೊಸ ಗೊಬ್ಬರ ಹಾಕಿದ ವರ್ಷವೇ ಮಳೆಯೂ ಚೆನ್ನಾಗಿ ಬಂದರೆ, ಬೆಳೆ ಹೆಚ್ಚಿದ್ದು ಯಾವುದರಿಂದ? ತಿಳಿದ ರೈತನು ಒಂದು ತುಂಡು ಹೊಲಕ್ಕೆ ಗೊಬ್ಬರ ಹಾಕಿ, ಪಕ್ಕದ ತುಂಡನ್ನು ಹಾಗೆಯೇ ಬಿಟ್ಟು ನೋಡುತ್ತಾನೆ. ರಾಶಿಯ ಕಾಲ ಮುಗಿದೊಡನೆ ಅನೇಕರ ಸೀನು ತಾನಾಗಿಯೇ ಇಳಿಯುತ್ತದೆ. ಅದೇ ವಾರ ಪುಡಿ ಸೇವಿಸಿದವರು ಪುಡಿಯನ್ನು ಹೊಗಳುತ್ತಾರೆ! ಆದುದರಿಂದ ವೈದ್ಯಕೀಯ ಪರೀಕ್ಷೆಯಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ನಿಜವಾದ ಗುಳಿಗೆ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಸೀನು, ತುರಿಕೆ, ಮೂಗು ಕಟ್ಟುವಿಕೆಗಳನ್ನು ಬರೆದಿಟ್ಟು, ಕೊನೆಯಲ್ಲಿ ಗುಟ್ಟನ್ನು ಬಿಚ್ಚಿ ಹೋಲಿಸುತ್ತಾರೆ.

ನಮ್ಮ ರಾಜ್ಯದಲ್ಲಿಯೇ ಇಂತಹ ಪ್ರಯತ್ನ ನಡೆದಿದೆ. ಬೆಂಗಳೂರಿನ ನ್ಯಾಚುರಲ್ ರೆಮಿಡೀಸ್ ಸಂಸ್ಥೆಯು ನೆಲ್ಲಿ, ಅಳಲೆ, ತಾರೆ, ಬಾಗೆ, ಶುಂಠಿ, ಕಾಳುಮೆಣಸು, ಹಿಪ್ಪಲಿ ಈ ಏಳರ ಸಾರದಿಂದ "ಅಲರ್-೭" ಎಂಬುದನ್ನು ಸಿದ್ಧಪಡಿಸಿತು. ಅಲರ್ಜಿಯ ನೆಗಡಿಯುಳ್ಳವರ ಮೇಲೆ ಹಲವು ಕೇಂದ್ರಗಳಲ್ಲಿ ನಡೆದ ಪರೀಕ್ಷೆಯ ವರದಿ ೨೦೦೪ರಲ್ಲಿ ಪ್ರಕಟವಾಗಿ, ಗುಣ ಕಂಡಿತೆಂದು ಹೇಳಿತು. ಪರೀಕ್ಷೆಗೆ ಒಡ್ಡಿದ್ದು ಮೆಚ್ಚತಕ್ಕದ್ದೇ. ಆದರೂ ತಯಾರಕರಲ್ಲದವರು ಪುನಃ ಮಾಡಿ ನೋಡಿದಾಗಲೇ ನಂಬಿಕೆ ಗಟ್ಟಿಯಾಗುವುದೆಂಬುದು ನನ್ನ ಅಭಿಪ್ರಾಯ.

ಗುಣ ಕಂಡರೆ ಸಾಲದು. ಯುರೋಪಿನ ಬಟರ್‌ಬರ್ ಎಂಬ ಸಸ್ಯದ ಗುಳಿಗೆಯನ್ನು ೧೨೫ ರೋಗಿಗಳಲ್ಲಿ ಎರಡು ವಾರ ಪರೀಕ್ಷಿಸಿದಾಗ, ಅದು ನಾವು ಕೊಡುವ ಸೆಟ್ರಿಜಿನ್ ಮಾತ್ರೆಗೆ ಸರಿಸಮವಾಗಿತ್ತೆಂದು ೨೦೦೨ರ ವರದಿ ತಿಳಿಸಿತು. ಆದರೆ ಆ ಸಸ್ಯದಲ್ಲಿ ಯಕೃತ್ತಿಗೆ ವಿಷವಾಗುವ ಅಂಶಗಳು ಸ್ವಾಭಾವಿಕವಾಗಿಯೇ ಇವೆ. ಸೇವಿಸಿದ ಕೆಲವರಲ್ಲಿ ಯಕೃತ್ತು ಕೆಟ್ಟ ವರದಿಗಳು ಬಂದು, ೨೦೧೨ರಲ್ಲಿ ಬ್ರಿಟನ್ನಿನ ಅಧಿಕಾರಿಗಳು ಅದರ ಮಾರಾಟ ನಿಲ್ಲಿಸುವಂತೆ ಸೂಚಿಸಿದರು. ಎರಡು ವಾರದ ಪರೀಕ್ಷೆಯಲ್ಲಿ ಸೀನು ನಿಂತದ್ದು ಕಾಣುತ್ತದೆ. ನಿಧಾನವಾಗಿ ಆಗುವ ಹಾನಿ ಕಾಣುವುದಿಲ್ಲ.

ತಾಯಂದಿರೇ, ಇದನ್ನು ವಿಶೇಷವಾಗಿ ಗಮನಿಸಿರಿ. ಇಂತಹ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಗರ್ಭಿಣಿಯರನ್ನೂ ಎದೆಹಾಲು ಕುಡಿಸುವವರನ್ನೂ ಸೇರಿಸಿಕೊಳ್ಳುವುದಿಲ್ಲ. ಅಂದಮೇಲೆ "ಪರೀಕ್ಷಿಸಲ್ಪಟ್ಟಿದೆ" ಎಂಬ ಮಾತು ನಿಮಗೆ ಅನ್ವಯಿಸದು. ಸಾರಿನಲ್ಲಿ ಶುಂಠಿ, ಮೆಣಸು ಎಂದಿನಂತೆ ಇರಲಿ, ಅದು ಬೇರೆ; ಅವುಗಳ ಗಟ್ಟಿ ಸಾರದ ಗುಳಿಗೆ ಬೇರೆ. ಪತ್ನಿ ಬಸುರಿಯಾಗಿರುವಾಗ ಯಜಮಾನರು ಪೇಟೆಯಿಂದ ಪ್ರೀತಿಯಿಂದ ತಂದರೂ ಕೇಳದೆ ಕೊಡಬಾರದು.

ಡಬ್ಬಿಯ ಮೇಲಿನ ೧೪ ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯು ತಯಾರಕರ ಗುರುತೇ ಹೊರತು ರೋಗ ವಾಸಿಯಾಗುವುದರ ಪ್ರಮಾಣವಲ್ಲ. ಪೂರಕ ಆಹಾರದ ಚೀಟಿಯಲ್ಲಿ "ಔಷಧೀಯ ಬಳಕೆಗಲ್ಲ" ಎಂದು ಅಚ್ಚು ಹಾಕಬೇಕೆಂಬ ನಿಯಮವೇ ಇದೆ. ಚೀಟಿಯೇ ಇಲ್ಲದ ಪುಡಿ ಒಂದೇ ದಿನದಲ್ಲಿ ದಮ್ಮು ನಿಲ್ಲಿಸಿದರೆ ಸಂತೋಷಕ್ಕಿಂತ ಸಂಶಯ ಹೆಚ್ಚಿರಲಿ. ಗಿಡಮೂಲಿಕೆಯೆಂದು ಮಾರಿದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ತಪಾಸಣೆಗಳಲ್ಲಿ ಕಂಡುಬಂದಿದೆ.

ಉಬ್ಬಸವುಳ್ಳವರು ಯಾವ ಪುಡಿಯನ್ನು ನಂಬಿಯೂ ವೈದ್ಯರು ಕೊಟ್ಟ ಇನ್‌ಹೇಲರ್ ಬಿಡಬಾರದು. ಮಾತು ಪೂರ್ತಿಯಾಡಲು ಉಸಿರು ಸಾಲದಿದ್ದರೆ, ಮಗುವಿನ ಪಕ್ಕೆಗಳು ಒಳಸೇದುತ್ತಿದ್ದರೆ, ತುಟಿ ನೀಲಿಯಾದರೆ ಕೂಡಲೇ ೧೦೮ಕ್ಕೆ ಕರೆ ಮಾಡಿರಿ. ಈಗಾಗಲೇ ಯಾವುದಾದರೂ ಪುಡಿ ಸೇವಿಸುತ್ತಿದ್ದರೆ, ಸಂಕೋಚಪಡದೆ ಡಬ್ಬಿಯ ಸಮೇತ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಬನ್ನಿರಿ.