ಕಕ್ಕಸಿನ ಗುಂಡಿಯೂ ಪಂಚಾಯಿತಿಯೂ



ಮನೆಗೆ ಕಕ್ಕಸು ಕಟ್ಟಿಸಿಕೊಂಡಿದ್ದೀರಿ, ಸಂತೋಷ. ಗುಂಡಿ ತುಂಬಿದ ಮೇಲೆ ಏನು ಮಾಡುತ್ತೀರಿ? ಇದು ಮೂಗು ಮುಚ್ಚಿಕೊಂಡು ಬಿಟ್ಟುಬಿಡುವ ವಿಷಯವಲ್ಲ.

ಜೋಡಿ ಗುಂಡಿಯವರಿಗೆ ಚಿಂತೆ ಕಡಿಮೆ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು 2 ವರ್ಷ ಮುಚ್ಚಿಟ್ಟರೆ ನಾತವಿಲ್ಲದ ಗೊಬ್ಬರವಾಗುತ್ತದೆ.

ಸೆಪ್ಟಿಕ್ ಟ್ಯಾಂಕಿನ ಮಾತೇ ಬೇರೆ. ತಳದಲ್ಲಿ ಕೂತ ರಾಡಿಯನ್ನು 2-3 ವರ್ಷಕ್ಕೊಮ್ಮೆ ಟ್ಯಾಂಕರಿನ ಯಂತ್ರದಿಂದಲೇ ಹೀರಿಸತಕ್ಕದ್ದು. ಹಣ ಉಳಿಯುತ್ತದೆಂದು ಆಳನ್ನು ಒಳಗಿಳಿಸಬೇಡಿ. ಒಳಗಿನ ವಿಷವಾಯು ಕೂಗಲೂ ಬಿಡದೆ ಕೆಡವುತ್ತದೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ರಕ್ಷಣೆಯ ಸಾಧನವಿಲ್ಲದೆ ಹೀಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹೀರಿದ ರಾಡಿ ಹೋಗುವುದೆಲ್ಲಿಗೆ? ಕತ್ತಲಲ್ಲಿ ಕೆರೆಯಂಗಳಕ್ಕೆ ಸುರಿದರೆ ನಮ್ಮ ದನಗಳೇ ಆ ನೀರು ಕುಡಿಯುತ್ತವೆ. ದೇವನಹಳ್ಳಿಯಲ್ಲಿ 2015ರಲ್ಲಿ ಇದನ್ನು ಸಂಸ್ಕರಿಸುವ ಘಟಕವೇ ಆಯಿತು.

ಯಾರ ಮನೆಯಲ್ಲಿ ಎಂಥ ಗುಂಡಿ, ಎಂದು ಖಾಲಿಯಾಯಿತು, ಟ್ಯಾಂಕರು ಎಲ್ಲಿ ಸುರಿಯಿತು—ಇಷ್ಟಕ್ಕೆ ಪಂಚಾಯಿತಿಯಲ್ಲಿ ಒಂದು ಪುಸ್ತಕವಿರಬೇಕು. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ತೋರಿಸಿರೆಂದು ಕೇಳಿ. ಇಲ್ಲವೆಂದರೆ, ನಿಮ್ಮ ಮನೆಯ ಲೆಕ್ಕವನ್ನೇ ಮೊದಲು ಬರೆಸಿ.