ಹೈದರಾಬಾದಿನಲ್ಲಿ ದಿನಸಿ ಖರ್ಚು: ಕನ್ನಡ ಬಂದರೆ ಅರ್ಧ ಕೆಲಸ ಆಯ್ತು

ಕೊಂಡಾಪುರ, ಗಚ್ಚಿಬೌಲಿ, ಮಿಯಾಪುರ ಕಡೆ ಇರುವ ನಮ್ಮ ಕನ್ನಡದವರು ನನ್ನನ್ನು ಹೆಚ್ಚಾಗಿ ಕೇಳೋದು ಇದನ್ನೇ: "ಇಬ್ಬರೂ ದುಡೀತೀವಿ, ಆದರೂ ಊರಿಗೆ ಕಳಿಸೋಕೆ ಕೈಯಲ್ಲಿ ಏನೂ ಉಳಿಯಲ್ಲ, ಯಾಕೆ?" ಬಾಡಿಗೆ ನಮ್ಮ ಕೈಯಲ್ಲಿಲ್ಲ, ಮಕ್ಕಳ ಫೀಸೂ ಇಲ್ಲ. ಅಡುಗೆಮನೆ ಖರ್ಚು ಮಾತ್ರ ಇದೆ.

ನಾನು ಗಮನಿಸಿದ್ದು ಹೇಳ್ತೀನಿ. ನಾವು ಆ್ಯಪ್‌ನಲ್ಲೇ ತರಕಾರಿ ತರಿಸೋದು ಸಮಯ ಇಲ್ಲ ಅಂತ ಮಾತ್ರ ಅಲ್ಲ. ತೆಲುಗು ಬರಲ್ಲ, ಮಾರ್ಕೆಟ್‌ನಲ್ಲಿ ಹೇಗೆ ಕೇಳೋದು ಅನ್ನೋ ಸಂಕೋಚವೂ ಇದೆ. ಆ ಸಂಕೋಚಕ್ಕೆ ವಾರ ವಾರ ದುಡ್ಡು ತೆರ್ತಿದ್ದೀವಿ.

ಈ ಊರಲ್ಲಿ ರೈತು ಬಜಾರ್ ಅಂತ ಇದೆ. 1999ರಲ್ಲಿ, ಅವಿಭಜಿತ ಆಂಧ್ರಪ್ರದೇಶದಲ್ಲಿ ಶುರುವಾದದ್ದು. ಎರ್ರಗಡ್ಡ, ಕೂಕಟ್‌ಪಲ್ಲಿ, ಮೆಹದಿಪಟ್ನಂನಲ್ಲಿ ಇವೆ. ರೈತರೇ ತಂದು ಮಾರಲಿ, ದಲ್ಲಾಳಿ ಬೇಡ ಅನ್ನೋದು ಉದ್ದೇಶ. ಸಗಟು ದರಕ್ಕಿಂತ ಸ್ವಲ್ಪ ಹೆಚ್ಚು, ಹೊರಗಿನ ಚಿಲ್ಲರೆ ದರಕ್ಕಿಂತ ಕಡಿಮೆ ಇರುವಂತೆ ದಿನಾ ಬೆಲೆ ಗೊತ್ತುಮಾಡಿ ಬೋರ್ಡಿನ ಮೇಲೆ ಬರೀತಾರೆ. ಚೌಕಾಸಿ ಮಾಡೋಕೆ ಬರದವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಬೋರ್ಡ್ ತೆಲುಗಲ್ಲಿ ಇರುತ್ತಲ್ಲ ಅಂತೀರಾ? ಎರಡು ನಿಮಿಷ ನಿಂತು ನೋಡಿ. ಲಿಪಿ ನಮ್ಮದರ ಒಡಹುಟ್ಟಿದ್ದು. ತಲೆಕಟ್ಟು ಬೇರೆ, ಅಕ್ಷರ ಹೆಚ್ಚುಕಡಿಮೆ ಅದೇ. ಬೆಂಡಕಾಯ ಅಂದ್ರೆ ಬೆಂಡೆಕಾಯಿ, ಬೀರಕಾಯ ಅಂದ್ರೆ ಹೀರೇಕಾಯಿ. ಉತ್ತರ ಕರ್ನಾಟಕದವರಿಗಂತೂ ಇನ್ನೂ ಸಲೀಸು: ನಮ್ಮ ಉಳ್ಳಾಗಡ್ಡಿ ಇಲ್ಲಿ ಉಲ್ಲಿಗಡ್ಡ, ಪುಂಡಿಪಲ್ಲೆ ಇಲ್ಲಿ ಪುಂಟಿಕೂರ. ಕಲಿಯಬೇಕಾದ್ದು ಕೆಲವೇ ಪದ: ವಂಕಾಯ ಬದನೆ, ಚಿಂತಪಂಡು ಹುಣಸೆಹಣ್ಣು, ಕಂದಿಪಪ್ಪು ತೊಗರಿಬೇಳೆ, ಮಿನಪಪ್ಪು ಉದ್ದಿನಬೇಳೆ, ಅಟುಕುಲು ಅವಲಕ್ಕಿ.

ಇನ್ನು ಬೇಳೆ. ಊರಿಂದ ಬರುವಾಗ ಬ್ಯಾಗ್ ತುಂಬ ತೊಗರಿಬೇಳೆ ಹೊತ್ಕೊಂಡು ಬರೋರು ಇದ್ದಾರೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ನಿಜ. ಆದರೆ ಕಲಬುರಗಿ ಜಿಲ್ಲೆಯ ಗಡಿ ದಾಟಿದ ಕೂಡಲೇ ಸಿಗೋ ತಾಂಡೂರಿನ ತೊಗರಿಗೂ 2022ರಲ್ಲಿ ಸಿಕ್ಕಿದೆ. ಇಲ್ಲೇ ಅದನ್ನು ಕೇಳಿ ತಗೊಳ್ಳಿ. ತಿಂಗಳ ಸಾಮಾನಿಗೆ ಎರಡು ಮೂರು ಮನೆಯವರು ಸೇರಿ ಬೇಗಂ ಬಜಾರ್‌ಗೆ ಹೋದ್ರೆ ಸಗಟಾಗಿ ತಂದು ಹಂಚ್ಕೋಬಹುದು.

ಪ್ಯಾಕೆಟ್ ತಗೊಳ್ಳೋವಾಗ ಎಂಆರ್‌ಪಿ ಪಕ್ಕದಲ್ಲಿ ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಅಂತ ಮುದ್ರಿಸಿರ್ತಾರೆ, ಅದನ್ನು ಓದಿ. ಉದಾಹರಣೆಗೆ ಅರ್ಧ ಕೆಜಿ 90 ರೂಪಾಯಿ, ಒಂದು ಕೆಜಿ 190 ಇದ್ರೆ ದೊಡ್ಡ ಪ್ಯಾಕೇ ದುಬಾರಿ! ಅಂಗಡಿಯಲ್ಲಿ 26 ಕೆಜಿ ಅಕ್ಕಿ ಮೂಟೆ ಯಾಕಿದೆ ಗೊತ್ತಾ? 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕಿಗೆ ಶೇ. 5 ಜಿಎಸ್‌ಟಿ ಬಂತು. ಮೂಟೆಗೆ ಒಂದು ಕೆಜಿ ಹೆಚ್ಚಾದ್ರೆ ಆ ತೆರಿಗೆ ಇಲ್ಲ.

ಈ ಭಾನುವಾರ ಬೆಳಗ್ಗೆ ಒಂದು ಕೈಚೀಲ ಹಿಡ್ಕೊಂಡು ಹೋಗಿ. ಬೋರ್ಡಿನ ಫೋಟೋ ತೆಗೆದು, ಆ್ಯಪ್‌ನಲ್ಲಿ ಹಿಂದಿನ ವಾರ ಕೊಟ್ಟ ಬೆಲೆ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ವಾರ ಹೀಗೆ ಮಾಡಿ, ಉಳಿದದ್ದನ್ನು ತಿಂಗಳ ಕೊನೆಗೆ ಊರಿಗೆ ಹಾಕಿ. ಎಷ್ಟಾಯ್ತು ಅಂತ ನನಗೂ ತಿಳಿಸಿ.