ಕಾರ್ತೆಲಿನ ಮಳೆಯಲ್ಲೊಂದು ಹಬ್ಬ

ನಮ್ಮ ತುಳುನಾಡಿನಲ್ಲಿ ಕಾರ್ತೆಲು ಹಬ್ಬಗಳ ತಿಂಗಳಲ್ಲ. ಏಣಿಲು ಬೆಳೆಯ ನಾಟಿ, ತುಂಬಿ ಹರಿಯುವ ತೋಡು, ಒಣಗದ ಬಟ್ಟೆ, ಹೊಗೆ ಕಟ್ಟಿದ ಅಡುಗೆಮನೆ, ಇವುಗಳ ನಡುವೆ ಹಬ್ಬಕ್ಕೆ ಬಿಡುವೆಲ್ಲಿ? ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮತ್ತೆ ಬಯಲಿಗೆ ಬರುವುದು ಮಳೆ ಹಿಂದೆಗೆದ ಮೇಲೆಯೇ. ಇಂಥ ಕಾಲದಲ್ಲಿ, ಜುಲೈ 3ರಂದು, ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಎಷ್ಟೋ ಮನೆಗಳವರು ಮುಂಜಾನೆಯೇ ಎದ್ದು, ಕೊಡೆ ಹಿಡಿದು ಚರ್ಚಿಗೆ ಹೊರಡುತ್ತಾರೆ. ಅಂದು ಯೇಸುವಿನ ಹನ್ನೆರಡು ಮಂದಿ ಪ್ರೇಷಿತರಲ್ಲಿ ಒಬ್ಬರಾದ ಸಂತ ತೋಮಸರ ಹಬ್ಬ.

ಈ ಹಬ್ಬದ ಪರಿಚಯ ನನಗಾದದ್ದು ನಾನು ಮಾಡಿದ ಒಂದು ತಪ್ಪಿನಿಂದ. ನನ್ನ ಊರು ಕಲ್ಲಡ್ಕ. 1968ರಲ್ಲಿ ನಾನು ಆಗತಾನೇ ಮೇಷ್ಟ್ರ ಕೆಲಸಕ್ಕೆ ಸೇರಿದವನು. ಬಿ.ಸಿ. ರೋಡಿನಲ್ಲಿ ಬಸ್ಸು ಹಿಡಿದು, ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ, ಬೆಳ್ತಂಗಡಿಯಿಂದಲೂ ಆಚೆಗೆ ಹೋಗಿ, ಕೊನೆಗೆ ಎರಡು ಮೈಲಿ ನಡೆದರೆ ನನ್ನ ಶಾಲೆ. ಆ ಭಾಗಕ್ಕೆ ತಿರುವಾಂಕೂರಿನ ಕಡೆಯ ಕ್ರೈಸ್ತ ಕುಟುಂಬಗಳು ಬಂದು ನೆಲೆಸತೊಡಗಿದ್ದ ಕಾಲವದು. ಕಾಡು ಕಡಿದು ಮರಗೆಣಸು ನೆಟ್ಟು, ಬಳಿಕ ರಬ್ಬರು, ಕರಿಮೆಣಸು ಬೆಳೆಸಿದ ಜನ. ಅವರ ಮಕ್ಕಳಿಗೆ ಕನ್ನಡ ಇನ್ನೂ ನಾಲಿಗೆಗೆ ಹೊಂದಿರಲಿಲ್ಲ. ನಮಗೋ ಅವರೇ ಇನ್ನೂ ಹೊಂದಿರಲಿಲ್ಲ.

ಅವರಲ್ಲೊಬ್ಬ ಹುಡುಗ ಜುಲೈ 3ರ ಬುಧವಾರ ಶಾಲೆಗೆ ಬರಲಿಲ್ಲ. ಮರುದಿನ ಕಾರಣ ಕೇಳಿದೆ. “ತೋಮಸರ ಹಬ್ಬ” ಎಂದ. ನನಗೆ ಸಿಟ್ಟು ಬಂತು. ಏಕೆಂದರೆ ತೋಮಸರ ಹಬ್ಬ ಯಾವಾಗ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕಲ್ಲಡ್ಕದ ನಮ್ಮ ನೆರೆಮನೆಯ ಕೊಂಕಣಿ ಕ್ರೈಸ್ತ ಹಿರಿಯರಿಗೆ ಆ ಸಂತರದೇ ಹೆಸರು. ಪ್ರತಿ ವರ್ಷ ಡಿಸೆಂಬರ್ 21ರಂದು ಅವರು ಚರ್ಚಿಗೆ ಹೋಗಿ ಬಂದು, ಕ್ರಿಸ್ಮಸ್ಸಿಗೆಂದು ಮನೆಯಲ್ಲಿ ಮಾಡುತ್ತಿದ್ದ ಕುಸ್ವಾರಿನಲ್ಲಿ ನಮಗೊಂದು ತಟ್ಟೆಯನ್ನು ನಾಲ್ಕು ದಿನ ಮೊದಲೇ ಕಳುಹಿಸುತ್ತಿದ್ದರು. ಆ ತಟ್ಟೆಯ ಸಾಕ್ಷ್ಯವನ್ನು ನಂಬಿದ ನಾನು ಹುಡುಗನನ್ನು ಸುಳ್ಳುಗಾರನೆಂದು ತೀರ್ಮಾನಿಸಿದೆ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಅಳಲಿಲ್ಲ, ಕಿಟಕಿಯಾಚೆಗಿನ ಮಳೆಯನ್ನು ನೋಡುತ್ತ ನಿಂತಿದ್ದ.

ಮರುದಿನ ಅವನ ಅಜ್ಜ ಶಾಲೆಗೆ ಬಂದರು. ಜಗಳಕ್ಕೆ ಬಂದರೆಂದೇ ನಾನು ಭಾವಿಸಿದ್ದೆ. ಅವರು ಕೊಡೆಯನ್ನು ಜಗಲಿಯಲ್ಲಿಟ್ಟು, ಅರೆ ಮಲೆಯಾಳ, ಅರೆ ಕನ್ನಡದಲ್ಲಿ ಹೇಳಿದ್ದಿಷ್ಟು: “ನಿಮ್ಮ ನೆರೆಯವರ ದಿನವೂ ಸರಿ, ನಮ್ಮ ದಿನವೂ ಸರಿ. ನಮ್ಮದಕ್ಕೆ ದುಕ್ರಾನ ಎಂದು ಹೆಸರು. ನಮ್ಮ ಊರಿನಲ್ಲಿ, ದುಕ್ರಾನದ ಮಳೆಗೆ ಆರು ಆನೆಗಳು ತೇಲಿಹೋಗುತ್ತವೆ ಎನ್ನುತ್ತಾರೆ. ಹುಡುಗ ನನ್ನೊಡನೆ ಅಂಥ ಮಳೆಯಲ್ಲಿ ನಾಲ್ಕು ಮೈಲಿ ನಡೆದ. ಬರುವ ವರ್ಷ ನೀವೇ ಬಂದು ನೋಡಿ, ಮಾಷೇ.”

ದುಕ್ರಾನ ಎಂಬುದು ಸಿರಿಯಾಕ್ ಭಾಷೆಯ ಮಾತು. ಸ್ಮರಣೆ ಎಂದು ಅದರ ಅರ್ಥ. ನಮ್ಮ ಬ್ಯಾರಿ ನೆರೆಯವರು ದೇವರ ಸ್ಮರಣೆಗೆ ಬಳಸುವ ಅರಬ್ಬಿಯ ‘ಝಿಕ್ರ್’ ಕೂಡ ಅದೇ ಮೂಲದ್ದು. ತೋಮಸರು ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿನ ಬಳಿ ಹಡಗಿನಿಂದಿಳಿದರೆಂದೂ, ಮದರಾಸಿನ ಮೈಲಾಪುರದ ಬಳಿ ಈಟಿಯ ಇರಿತಕ್ಕೆ ಬಲಿಯಾದರೆಂದೂ ಕೇರಳದ ಈ ಕ್ರೈಸ್ತರ ಪರಂಪರೆ. ಅವರ ಅಸ್ಥಿಗಳನ್ನು ಮುಂದೆ ಇಂದಿನ ತುರ್ಕಿಯಲ್ಲಿರುವ ಎಡೆಸ್ಸಾ ನಗರಕ್ಕೆ ಒಯ್ದರು. ಜುಲೈ 3 ಆ ಒಯ್ದ ದಿನದ ನೆನಪು ಎನ್ನುತ್ತಾರೆ. ಭಾರತದಿಂದ ಒಬ್ಬ ವರ್ತಕನು ಆ ಅಸ್ಥಿಗಳನ್ನು ತಂದನೆಂದು ನಾಲ್ಕನೆಯ ಶತಮಾನದ ಎಡೆಸ್ಸಾದ ಕವಿ ಎಫ್ರೇಮ್ ಹಾಡಿದ್ದಾನೆ.

1969ರ ಜುಲೈ 3ರಂದು ನಾನು ಹೋದೆ. ಮುಳಿಹುಲ್ಲು ಹೊದಿಸಿದ ಒಂದು ಚಪ್ಪರವೇ ಅವರ ಚರ್ಚು. ಒಂದು ಮೂಲೆಯಲ್ಲಿ ಸೋರುತ್ತಿತ್ತು. ಅಲ್ಲೊಂದು ತಾಮ್ರದ ಕೊಡಪಾನ ಇಟ್ಟಿದ್ದರು. ಪೂಜೆ ಮಲೆಯಾಳದಲ್ಲಿ ನಡೆಯಿತು. ಅದೂ ಅವರಿಗೆ ಹೊಸದೇ. ಅದುವರೆಗೆ ಸಿರಿಯಾಕ್ ಭಾಷೆಯಲ್ಲಿದ್ದ ಪೂಜೆ ಮಲೆಯಾಳಕ್ಕೆ ಬಂದದ್ದು 1962ರಲ್ಲಿ, ಅದೇ ಜುಲೈ 3ರಂದು. ನನ್ನ ಪಕ್ಕದಲ್ಲಿ ಕುಳಿತ ಅಜ್ಜನ ತುಟಿ ಮಾತ್ರ ಇನ್ನೂ ಹಳೆಯ ಮಾತುಗಳಲ್ಲೇ ಅಲುಗುತ್ತಿತ್ತು. ಪೂಜೆ ಮುಗಿದ ಮೇಲೆ ಬೇಯಿಸಿದ ಮರಗೆಣಸು ಮತ್ತು ಕಾಂತಾರಿ ಮೆಣಸಿನ ಚಟ್ನಿಯನ್ನು ಬಾಳೆ ಎಲೆಯಲ್ಲಿಟ್ಟು ನನಗೂ ಕೊಟ್ಟರು. ಹುಡುಗ ಅದನ್ನು ನನ್ನ ಕೈಗಿತ್ತು ದೂರ ಸರಿದು ನಿಂತ.

ಆ ವರ್ಷವೇ ರೋಮಿನಲ್ಲಿ ಒಂದು ಬದಲಾವಣೆ ನಡೆದಿತ್ತು. ಆರನೆಯ ಪಾವ್ಲ್ ಪೋಪರು ಹಬ್ಬಗಳ ಪಂಚಾಂಗವನ್ನು ಪರಿಷ್ಕರಿಸಿದರು. ಅದು 1970ರ ಜನವರಿಯಿಂದ ಜಾರಿಗೆ ಬಂತು. ಕ್ರಿಸ್ಮಸ್ಸಿನ ಸಿದ್ಧತೆಯ ಕೊನೆಯ ವಾರ ಬೇರೆ ಹಬ್ಬಗಳಿಗೆ ಸಿಲುಕಬಾರದೆಂದು ತೋಮಸರ ಹಬ್ಬವನ್ನು ಡಿಸೆಂಬರ್ 21ರಿಂದ ತೆಗೆದು, ಪೂರ್ವದ ಹಳೆಯ ದಿನವಾದ ಜುಲೈ 3ಕ್ಕೇ ತಂದರು. ಮಂಗಳೂರು ಧರ್ಮಪ್ರಾಂತ್ಯದ ಕೊಂಕಣಿ ಇಗರ್ಜಿಗಳೂ, ಬೆಳ್ತಂಗಡಿಯ ಮಲೆಯಾಳಿ ಚಪ್ಪರಗಳೂ ಹೀಗೆ ಒಂದೇ ದಿನ ಒಬ್ಬನನ್ನೇ ನೆನೆಯುವಂತಾಯಿತು. ಕಲ್ಲಡ್ಕದ ನಮ್ಮ ಹಿರಿಯರಿಗೆ ಇದು ರುಚಿಸಲಿಲ್ಲ. “ಸರಕಾರಿ ನೌಕರನ ಹಾಗೆ ನನಗೂ ಈ ವಯಸ್ಸಿನಲ್ಲಿ ವರ್ಗವಾಯಿತು ನೋಡಿ, ಅದೂ ಮಳೆಗೆ!” ಎಂದು ನಕ್ಕರು. ಜುಲೈಯಲ್ಲಿ ಕುಸ್ವಾರೆಲ್ಲಿಯದು? ಅಂದು ಅವರ ಮನೆಯಿಂದ ಬಂದದ್ದು ಪತ್ರೊಡೆ. ಶಾಲೆಯ ಹುಡುಗನ ಕಥೆಯನ್ನು ನಾನು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹುಡುಗನೇ ಗೆದ್ದ” ಎಂದರು.

ಚರಿತ್ರೆ ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ, ನಾನೂ ಕೇಳಿದವನೇ. ತೋಮಸರನ್ನು ಕುರಿತ ಮೂರನೆಯ ಶತಮಾನದ ಸಿರಿಯಾಕ್ ಕಥನವೊಂದು ಅವರನ್ನು ಗೊಂಡೋಫರೆಸ್ ಎಂಬ ಅರಸನ ಆಸ್ಥಾನಕ್ಕೆ ಕರೆತರುತ್ತದೆ. ಅಂಥ ಅರಸನೇ ಇರಲಿಲ್ಲವೆಂದು ಬಹುಕಾಲ ತಿಳಿದಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ವಾಯವ್ಯ ಪ್ರಾಂತದಲ್ಲಿ ಅವನ ನಾಣ್ಯಗಳು ದೊರೆತವು. ಅರಸನಿದ್ದುದು ಖಚಿತವಾಯಿತು, ತೋಮಸರು ಅಲ್ಲಿಗೆ ಬಂದರೆಂಬುದು ಅದರಿಂದ ಖಚಿತವಾಗಲಿಲ್ಲ. ಕೊಡುಂಗಲ್ಲೂರಿನ ಮಾತೂ ಪರಂಪರೆಯ ಮಾತೇ ಹೊರತು ಶಾಸನದ ಮಾತಲ್ಲ. ಆದರೆ ನಾಲ್ಕು ಮೈಲಿ ಮಳೆಯಲ್ಲಿ ನಡೆದ ಹುಡುಗನ ಒದ್ದೆ ಕಾಲು ಪರಂಪರೆಯಲ್ಲ, ಕಣ್ಣೆದುರಿನ ಸತ್ಯ. ಅದನ್ನೇ ನಾನು ನಂಬಿರಲಿಲ್ಲ.

ತೋಮಸರನ್ನು ಲೋಕವು ಸಂಶಯದ ಶಿಷ್ಯನೆಂದೇ ನೆನೆಯುತ್ತದೆ. ಯೋಹಾನನ ಸುವಾರ್ತೆಯಲ್ಲಿ ಆ ಪ್ರಸಂಗವಿದೆ. ಪುನರುತ್ಥಾನದ ಬಳಿಕ ಗುರುವು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮಸರು ಅಲ್ಲಿರಲಿಲ್ಲ. ನಮ್ಮ ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಅವರು ಅಂದು ಗೈರುಹಾಜರು. ಗಾಯವನ್ನು ಮುಟ್ಟಿ ನೋಡದೆ ನಂಬೆನೆಂದರು. ಎಂಟು ದಿನಗಳ ನಂತರ ಗುರು ಮತ್ತೆ ಬಂದ. ಬಂದದ್ದು ಗೈರುಹಾಜರಾದವನನ್ನು ಬೆಂಚಿನ ಮೇಲೆ ನಿಲ್ಲಿಸುವುದಕ್ಕಲ್ಲ. ಸಂಶಯ ಪಟ್ಟವನಿಗೆ ತನ್ನ ಗಾಯವನ್ನೇ ತೋರಿ, ಮುಟ್ಟು ಎಂದು ಕರೆಯುವುದಕ್ಕೆ. ಬಂದು ನೋಡಿ ಎಂದು ನನ್ನನ್ನು ಕರೆದ ಆ ಅಜ್ಜ ಈ ಪಾಠವನ್ನು ಬಲ್ಲವರಾಗಿದ್ದರು. ಮೇಷ್ಟ್ರಾಗಿದ್ದ ನಾನು ಬಲ್ಲವನಾಗಿರಲಿಲ್ಲ.

ಇಂದು ಆ ಚಪ್ಪರಗಳಿಲ್ಲ. 1999ರಲ್ಲಿ ಬೆಳ್ತಂಗಡಿಯೇ ಸಿರೋ ಮಲಬಾರ್ ಸಂಪ್ರದಾಯದ ಒಂದು ಧರ್ಮಪ್ರಾಂತ್ಯವಾಯಿತು. ಸಂತ ಲಾರೆನ್ಸರ ಹೆಸರಿನ ಪ್ರಧಾನ ದೇವಾಲಯ ಅಲ್ಲಿದೆ. ಅಂದು ಬಂದು ನೆಲೆಸಿದವರ ಮೊಮ್ಮಕ್ಕಳು ಕನ್ನಡ, ತುಳು ಎರಡನ್ನೂ ನಮ್ಮಂತೆಯೇ ಆಡುತ್ತಾರೆ. ಆ ಹುಡುಗ ಏಳನೆಯ ತರಗತಿ ಮುಗಿಸಿ ಹೋದವನು ಮತ್ತೆ ನನಗೆ ಕಾಣಸಿಗಲಿಲ್ಲ. ನನ್ನಿಂದ ತಪ್ಪಾಯಿತು ಎಂಬ ಒಂದು ಮಾತನ್ನು ಅವನಿದ್ದಷ್ಟು ದಿನವೂ ನಾನು ಹೇಳಲಿಲ್ಲ. ಮೇಷ್ಟ್ರು ಹುಡುಗನಿಗೆ ಹಾಗೆ ಹೇಳುವ ರೂಢಿ ಆಗ ಇರಲಿಲ್ಲ. ಅಜ್ಜನ ಕ್ಷಮೆ ಕೇಳಿದ್ದೆ. ಆದರೆ ಬೆಂಚಿನ ಮೇಲೆ ನಿಂತವರು ಅಜ್ಜನಲ್ಲ.

ಹಾಜರಿ ಪುಸ್ತಕದಲ್ಲಿ ಅಂದು ನಾನು ಕೆಂಪು ಶಾಯಿಯಿಂದ ಹಾಕಿದ ಗುರುತು ಹಾಗೆಯೇ ಉಳಿಯಿತು. ಪ್ರತಿ ವರ್ಷ ಜುಲೈ 3ರಂದು ಕಲ್ಲಡ್ಕದ ಹಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ನಾನು ಅವನ ಹೆಸರನ್ನು ಮನಸ್ಸಿನಲ್ಲಿ ಒಮ್ಮೆ ಕೂಗುತ್ತೇನೆ, ಹಾಜರಿ ಕರೆಯುವ ಹಾಗೆ.